ಕಣ್ಣಿನ ಋಣ

ಮನುಷ್ಯನ ಇಂದ್ರಿಯಗಳಲ್ಲಿ ಕಣ್ಣಿನಷ್ಟು ಆಸೆಯುಳ್ಳುದು ಮತ್ತೊಂದಿಲ್ಲವೆಂದು ತೋರುತ್ತದೆ. ಹೊಟ್ಟೆ ತುಂಬಿದ ಬಳಿಕ ನಾಲಿಗೆಯು ಸಾಕೆನ್ನುವುದುಂಟು. ಗದ್ದಲದಿಂದ ಬೇಸತ್ತ ಕಿವಿಯು ಮೌನವನ್ನು ಬಯಸುವುದುಂಟು. ಕಣ್ಣು ಮಾತ್ರ ನಿದ್ರೆ ಬಂದು ತಾನಾಗಿ ಮುಚ್ಚುವವರೆಗೂ ಬೇಡವೆನ್ನದು. ಇಂಥ ಕಣ್ಣಿಗೆ ನಮ್ಮ ಕಾಲವು ಬಡಿಸುತ್ತಿರುವ ಎಡೆಯು ಹಿಂದೆ ಅರಸುಮಕ್ಕಳಿಗೂ ದೊರೆತಿರಲಾರದು. ರಾತ್ರಿಯ ಊಟವಾದ ಬಳಿಕ ಅರ್ಧ ಗಂಟೆ ಕುಳಿತ ಗೃಹಸ್ಥನು ಅಂಗೈಯಗಲದ ಗಾಜಿನಲ್ಲಿ ಬಾದಾಮಿಯ ಗುಹೆಯ ವಿಷ್ಣುವನ್ನು ನೋಡುತ್ತಾನೆ; ಅದರ ಬೆನ್ನಿಗೆ ನಿಜಾಮರ ಕಾಲದ ಒಬ್ಬ ಅಮೀರನ ಛಾಯಾಚಿತ್ರವು ಬರುತ್ತದೆ; ಅದರ ಬೆನ್ನಿಗೆ ಈ ವರ್ಷದ ಮದುವೆಗಳಲ್ಲಿ ಉಡುತ್ತಿರುವ ಸೀರೆಯ ಅಂಚು; ಮತ್ತೆ ಯಾವುದೋ ದೂರದೇಶದ ಚಿತ್ರಕಾರನು ಬರೆದ ಸೂರ್ಯಕಾಂತಿ; ಕೊನೆಗೆ ಎಂದೋ ನಡೆದ ಕ್ಷಾಮದಲ್ಲಿ ಎಲುಬುಗೂಡಾಗಿ ನಿಂತ ಒಂದು ಮಗು. ಅರ್ಧ ಗಂಟೆ ಕಳೆಯುತ್ತದೆ. ಮನಸ್ಸಿಗೆ ಹಿತವಾಯಿತೆಂದುಕೊಂಡು ಅವನು ಮಲಗುತ್ತಾನೆ.

ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ನಾನಾ ವಸ್ತುಗಳನ್ನು, ಕಲೆ, ಚರಿತ್ರೆ, ಛಾಯಾಚಿತ್ರ, ವೇಷಭೂಷಣ ಎಂಬ ಭೇದವಿಲ್ಲದೆ ಬೆರಸಿ ನೋಡಿ ಸಂತೋಷಪಡುವುದು ಒಳ್ಳೆಯದೇ, ಕೆಟ್ಟುದೇ? ಈ ವಿಷಯದಲ್ಲಿ ವಿದ್ಯಾವಂತರ ಮನೆಗಳಲ್ಲಿಯೇ ಎರಡು ಪಕ್ಷಗಳಿರುವುವು. ಹಿರಿಯರು ಇದನ್ನು ಚಾಂಚಲ್ಯವೆನ್ನುತ್ತಾರೆ. ಹತ್ತು ಕಡೆ ಒಂದೊಂದು ಮೊಳ ಅಗೆದವನಿಗೆ ಎಲ್ಲಿಯೂ ನೀರು ದೊರೆಯದೆಂಬುದು ಅವರ ವಾದ. ಕಿರಿಯರು ಇದನ್ನು ವಿಶಾಲದೃಷ್ಟಿಯೆನ್ನುತ್ತಾರೆ. ತನ್ನೂರಿನ ಗುಡಿಯನ್ನಲ್ಲದೆ ಬೇರೊಂದನ್ನು ಕಾಣದವನ ಅಭಿಮಾನವು ಅಜ್ಞಾನದ ಇನ್ನೊಂದು ಹೆಸರೆಂಬುದು ಅವರ ವಾದ. ಎರಡರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಇಬ್ಬರೂ ಎಣಿಸುತ್ತಿರುವುದು ನೋಡಿದ ವಸ್ತುಗಳ ಸಂಖ್ಯೆಯನ್ನು. ಒಬ್ಬರಿಗೆ ಅದು ಅತಿಯಾಯಿತು, ಮತ್ತೊಬ್ಬರಿಗೆ ಸಾಲದು. ನನಗೆ ತೋರುವಂತೆ ಪ್ರಶ್ನೆಯ ಮರ್ಮವು ಸಂಖ್ಯೆಯಲ್ಲಿಲ್ಲ. ನೋಡಿದವನು ತಾನು ನೋಡಿದ ವಸ್ತುವಿಗೆ ಏನನ್ನಾದರೂ ಸಲ್ಲಿಸಬೇಕಾದುದುಂಟೇ, ಅಥವಾ ನೋಟವೆಂಬುದು ಬೆಲೆಯಿಲ್ಲದ ಭೋಗವೇ ಎಂಬುದೇ ವಿಚಾರಣೀಯವಾದುದು. ನೋಟಕ್ಕೂ ಒಂದು ಋಣವುಂಟೆಂದೂ, ಅದನ್ನು ತೀರಿಸುವವನಿಗೆ ನೂರು ಬಗೆಯ ನೋಟವೂ ದೋಷವಲ್ಲವೆಂದೂ, ತೀರಿಸದವನಿಗೆ ಒಂದೇ ವಸ್ತುವಿನ ನೋಟವೂ ಬರಿಯ ಕಾಲಹರಣವೆಂದೂ ಈ ಲೇಖನದ ಅಭಿಪ್ರಾಯ.

ಮೊದಲಾಗಿ, ಮಿಶ್ರವಾದ ಈ ಆನಂದವು ಹೊಸಕಾಲದ ಚಾಪಲ್ಯವೆಂಬ ಮಾತನ್ನು ಪರಿಶೀಲಿಸೋಣ. ಆಳಂದದಿಂದ ಬಹುದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ಒಂದು ಮಹಾಗ್ರಂಥವನ್ನು ರಚಿಸಿದನು. ಅದಕ್ಕೆ ‘ಮಾನಸೋಲ್ಲಾಸ’ವೆಂದೂ ‘ಅಭಿಲಷಿತಾರ್ಥಚಿಂತಾಮಣಿ’ಯೆಂದೂ ಹೆಸರು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗಗಳು, ಒಟ್ಟು ನೂರು ಅಧ್ಯಾಯಗಳು. ಚಿತ್ರ ಬರೆಯುವ ಗೋಡೆಯನ್ನು ಹದಮಾಡುವ ಬಗೆ, ಉಡತಕ್ಕ ವಸ್ತ್ರಗಳು, ತೊಡತಕ್ಕ ಆಭರಣಗಳು, ಅಡಿಗೆಯ ಪಾಕಗಳು, ಆನೆ ಕುದುರೆಗಳು, ರತ್ನಪರೀಕ್ಷೆ, ಸಂಗೀತ, ನೃತ್ಯ, ಕಥಾಶ್ರವಣ, ಆಟಗಳು ಎಲ್ಲವೂ ಅದರಲ್ಲಿ ಪಕ್ಕಪಕ್ಕದಲ್ಲಿ ಕುಳಿತಿವೆ. ಹೀಗಿರಲು ಬಗೆಬಗೆಯ ಚೆಲುವನ್ನು ಒಂದೇ ಪಂಕ್ತಿಯಲ್ಲಿಟ್ಟು ಸವಿಯುವುದು ನಮ್ಮ ನೆಲಕ್ಕೆ ಹೊಸದೆನ್ನಲು ಬಾರದು.

ಆದರೆ ಆ ಗ್ರಂಥದ ಅನುಕ್ರಮವನ್ನು ಗಮನಿಸತಕ್ಕುದು. ಭೋಗಗಳು ಬರುವುದು ಮೂರನೆಯ ಭಾಗದಲ್ಲಿ, ವಿನೋದಗಳು ನಾಲ್ಕನೆಯದರಲ್ಲಿ, ಕ್ರೀಡೆಗಳು ಐದನೆಯದರಲ್ಲಿ. ಮೊದಲನೆಯ ಭಾಗವು ಆರಂಭವಾಗುವುದು ಅಸತ್ಯವನ್ನು ತೊರೆಯಬೇಕು, ಪರರಿಗೆ ದ್ರೋಹವೆಸಗಬಾರದು ಎಂಬ ನಡತೆಯ ಮಾತುಗಳಿಂದ. ಭೋಗಿಸಬೇಡವೆಂದು ಆ ಅರಸನು ಎಲ್ಲಿಯೂ ಹೇಳಲಿಲ್ಲ. ಆದರೆ ಸತ್ಯವೂ ಅದ್ರೋಹವೂ ಮುಂದೆ ನಡೆದ ಮೇಲೆ ಭೋಗವು ಹಿಂದೆ ಬರಲಿ ಎಂಬುದು ಗ್ರಂಥದ ಅನುಕ್ರಮದಿಂದಲೇ ಹೊರಡುವ ಅರ್ಥವೆಂದು ನಾನು ತಿಳಿದಿದ್ದೇನೆ. ಕಣ್ಣಿನ ಭೋಗಕ್ಕೂ ಈ ಎರಡೇ ನಿಯಮಗಳು ಸಾಕು: ನೋಡಿದುದರ ವಿಷಯದಲ್ಲಿ ಸುಳ್ಳನ್ನು ನಂಬಬಾರದು, ಹರಡಬಾರದು, ನೋಡಲ್ಪಟ್ಟವರಿಗೆ ದ್ರೋಹವಾಗಬಾರದು. ಇವೆರಡನ್ನೂ ನಮ್ಮ ಜಿಲ್ಲೆಯ ಉದಾಹರಣೆಗಳಿಂದಲೇ ವಿವರಿಸಬಹುದಾಗಿದೆ.

ಅಫಜಲಪುರದ ಸೀಮೆಯಲ್ಲಿ ಹರಿದು, ಜೇವರ್ಗಿಯ ಸೀಮೆಯನ್ನು ಬಳಸಿ, ಭೀಮೆಯು ಮುಂದೆ ಸನ್ನತಿಯನ್ನು ಮುಟ್ಟುತ್ತಾಳೆ. ಅಲ್ಲಿಯ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದಿದ್ದಿತು. 1986ರಲ್ಲಿ ಅದರ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲುಹಲಗೆಯ ಎರಡು ಮೈಗಳಲ್ಲಿಯೂ ಅಶೋಕ ಚಕ್ರವರ್ತಿಯ ಬ್ರಾಹ್ಮೀ ಶಾಸನಗಳಿರುವುದು ಬೆಳಕಿಗೆ ಬಂದಿತು. ವಿಗ್ರಹವನ್ನು ನಿಲ್ಲಿಸಲು ನಡುವೆ ಕೊರೆದ ಕುಳಿಯಲ್ಲಿ ಕೆಲವು ಅಕ್ಷರಗಳು ಅಳಿದುಹೋಗಿವೆ. ಯಾವ ಕಾಲದಲ್ಲಿಯೋ ಆ ಕಲ್ಲನ್ನು ಪೀಠವಾಗಿ ಮಾಡಿದವರು ದುಷ್ಟರಲ್ಲ; ಅವರು ಭಕ್ತರು. ಅವರ ಕಣ್ಣಿಗೆ ಚೊಕ್ಕವಾದ ಹಲಗೆ ಕಾಣಿಸಿತು. ಅದರ ಮೇಲಿನ ಮಾತು ಕಾಣಿಸಲಿಲ್ಲ. ಓದಲು ಬಾರದ ಕಣ್ಣಿಗೆ ಅಕ್ಷರವು ಗೀರಾಗುತ್ತದೆ. ನಾವು ಇಂದು ಅರೆಗಳಿಗೆಯಲ್ಲಿ ದಾಟಿಸಿಬಿಡುವ ಚಿತ್ರಗಳ ಗತಿಯೂ ಬಹುಮಟ್ಟಿಗೆ ಇದೇ ಅಲ್ಲವೇ?

ಆ ಹಲಗೆಯ ಮೇಲಿರುವ ಶಾಸನಗಳಲ್ಲಿ ಅಶೋಕನ ಹನ್ನೆರಡನೆಯ ಶಿಲಾಶಾಸನದ ಭಾಗವೂ ಸೇರಿದೆಯೆಂಬುದು ನಮ್ಮ ವಿಷಯಕ್ಕೆ ವಿಶೇಷವಾದುದು. ಗಿರ್ನಾರ್ ಮೊದಲಾದೆಡೆಗಳ ಪಾಠಗಳಿಂದ ಪೂರ್ತಿಯಾಗಿ ತಿಳಿದುಬಂದಿರುವ ಆ ಶಾಸನದ ತಾತ್ಪರ್ಯವೇನೆಂದರೆ: ದಾನಕ್ಕಿಂತಲೂ ಪೂಜೆಗಿಂತಲೂ ಎಲ್ಲ ಮತಗಳಲ್ಲಿರುವ ಸಾರವು ಬೆಳೆಯುವುದು ಮೇಲು, ಅದಕ್ಕೆ ಮೂಲವು ಮಾತಿನ ಸಂಯಮ, ಜನರು ಪರಸ್ಪರರ ಧರ್ಮವನ್ನು ಕೇಳಬೇಕು, ಬಹುಶ್ರುತರಾಗಬೇಕು. ಬಹುಶ್ರುತನೆಂದರೆ ಹಲವನ್ನು ಕೇಳಿದವನು. ಆದರೆ ಕಿವಿಯ ಮೇಲೆ ಹಲವು ಮಾತುಗಳು ಬಿದ್ದ ಮಾತ್ರಕ್ಕೆ ಸಂತೆಯ ಕಟ್ಟೆಯ ಮೇಲೆ ಕುಳಿತವನನ್ನು ಯಾರೂ ಬಹುಶ್ರುತನೆನ್ನುವುದಿಲ್ಲ. ಕೇಳಿದ ಮಾತು ಒಳಗಿಳಿದು, ತನ್ನದನ್ನು ತಿದ್ದಿ, ಸಾರವನ್ನು ಬೆಳೆಸಿದಾಗಲೇ ಆ ಹೆಸರು ಸಲ್ಲುತ್ತದೆ. ಕಣ್ಣಿಗೂ ಈ ಭೇದವನ್ನೇ ಅನ್ವಯಿಸಬೇಕು. ಹಲವನ್ನು ನೋಡುವುದು ಬೇರೆ. ಹಲವರಿಂದ ಕಲಿಯುವುದು ಬೇರೆ.

ಸನ್ನತಿಯ ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ 2001ರವರೆಗೆ ಭಾರತೀಯ ಪುರಾತತ್ತ್ವ ಇಲಾಖೆಯವರು ಉತ್ಖನನ ನಡೆಸಿ ಒಂದು ಮಹಾಸ್ತೂಪದ ಅವಶೇಷಗಳನ್ನು ಹೊರತೆಗೆದರು. ಅಲ್ಲಿ ದೊರೆತ ಶಿಲ್ಪಗಳಲ್ಲೊಂದರಲ್ಲಿ ರಾಜನು ರಾಣಿಯೊಡನೆ ನಿಂತಿದ್ದಾನೆ. ಛತ್ರಚಾಮರಗಳನ್ನು ಹಿಡಿದ ಪರಿಚಾರಿಕೆಯರು ಬಳಿಯಲ್ಲಿದ್ದಾರೆ. ‘ರಾಯ ಅಸೋಕ’ ಎಂದು ಪ್ರಾಕೃತದಲ್ಲಿ ಕೆತ್ತಿದೆ. ಈ ಶಿಲ್ಪದ ಚಿತ್ರವು ಇಂದು ದೇಶದೇಶಗಳಲ್ಲಿ ಸಂಚರಿಸುತ್ತಿದೆ. ಅದನ್ನು ನೋಡಿದವರು ‘ಅಶೋಕನು ಹೀಗಿದ್ದನು, ಹೀಗೆ ಉಡುತ್ತಿದ್ದನು’ ಎಂದು ಸಂತೋಷಪಡುವುದು ಸಹಜ. ಆದರೆ ಅಶೋಕನಿದ್ದುದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ. ಶಿಲ್ಪವು ಹುಟ್ಟಿದುದು ಶಾತವಾಹನರ ಕಾಲದಲ್ಲಿ, ಅವನು ತೀರಿ ಶತಮಾನಗಳು ಕಳೆದ ಮೇಲೆ. ಶಿಲ್ಪಿಯು ಅವನನ್ನು ಕಂಡವನಲ್ಲ. ತನ್ನ ಕಾಲದಲ್ಲಿ ರಾಜನೆಂದರೆ ಹೇಗಿರಬೇಕೆಂದು ಜನರು ಭಾವಿಸುತ್ತಿದ್ದರೋ ಹಾಗೆ ಅವನು ಕಡೆದನು. ಆ ಉಡುಗೆತೊಡುಗೆಗಳು ಶಿಲ್ಪಿಯ ಕಾಲಕ್ಕೆ ಸೇರಿದುವು.

ಇದನ್ನು ತಿಳಿದವನಿಗೆ ಶಿಲ್ಪದ ಬೆಲೆ ಕುಗ್ಗಿತೇ? ಇಲ್ಲ, ಇಮ್ಮಡಿಯಾಯಿತು. ಒಂದು ಮುಖವನ್ನು ನೋಡಲು ಹೋದವನಿಗೆ ಎರಡು ಕಾಲಗಳು ದೊರೆತುವು: ನೆನೆಯಲ್ಪಟ್ಟವನ ಕಾಲ, ನೆನೆದವರ ಕಾಲ. ಭೀಮಾತೀರದ ಜನರು ಅಷ್ಟು ತಲೆಮಾರುಗಳ ತರುವಾಯವೂ ಆ ಅರಸನನ್ನು ಮರೆತಿರಲಿಲ್ಲವೆಂಬ ಸಂಗತಿಯು ಮುಖಲಕ್ಷಣಕ್ಕಿಂತಲೂ ದೊಡ್ಡ ಸಂಗತಿಯಲ್ಲವೇ? ಕಲೆ, ಚರಿತ್ರೆ, ವೇಷಭೂಷಣಗಳನ್ನು ಬೆರಸಿ ನೋಡುವುದರ ಪ್ರಯೋಜನವು ಇಲ್ಲಿಯೇ ವಿಶದವಾಗುತ್ತದೆ. ಕಲೆಯೊಂದನ್ನೇ ಬಲ್ಲವನು ಚೆಲುವನ್ನು ಕಂಡು ಮೋಸಹೋಗಬಹುದು; ಉಡುಗೆಯ ಚರಿತ್ರೆಯನ್ನು ಬಲ್ಲವನು ಆ ಮೋಸವನ್ನು ತಪ್ಪಿಸುತ್ತಾನೆ. ಒಂದು ವಿದ್ಯೆಯು ಇನ್ನೊಂದರ ತಪ್ಪನ್ನು ತಿದ್ದುವಂತಿದ್ದರೆ ಆ ಮಿಶ್ರಣವು ಸಾರ್ಥಕ. ಒಂದು ಇನ್ನೊಂದನ್ನು ಮರೆಯಿಸುವಂತಿದ್ದರೆ ನಿರರ್ಥಕ. ಮತ್ತೊಂದನ್ನೂ ಗಮನಿಸಬೇಕು. ಆ ಅನಾಮಿಕ ಶಿಲ್ಪಿಯ ಕಲ್ಲಿನಲ್ಲಿ ಚಿತ್ರದೊಡನೆ ಹೆಸರೂ ಉಳಿಯಿತು. ನಾವಾದರೋ ಚಿತ್ರವನ್ನು ಕೈಯಿಂದ ಕೈಗೆ ದಾಟಿಸುವಾಗ ಮೊದಲು ಕಳೆದುಕೊಳ್ಳುವುದೇ ಹೆಸರನ್ನು.

ಹಾಗಾದರೆ ಹೆಸರೊಂದು ದೊರೆತರೆ ಋಣವು ತೀರಿತೇ? ಅದೂ ಸಾಲದೆಂಬುದಕ್ಕೆ ಆಳಂದದವನೇ ಆದ ಒಬ್ಬ ಶರಣನ ನಿದರ್ಶನವಿದೆ. ಏಕಾಂತದ ರಾಮಯ್ಯನು ಕುಂತಲದ ಅಲಂದೆಯಲ್ಲಿ ಹುಟ್ಟಿದವನೆಂದು ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವು ಹೇಳುತ್ತದೆ. ಅಲಂದೆಯೇ ಇಂದಿನ ಆಳಂದ. ಕಳಚುರಿ ಬಿಜ್ಜಳನ ಕಾಲದಲ್ಲಿ ಅವನು ಅಬ್ಬಲೂರಿನ ಜೈನರೊಡನೆ ಪಣವೊಡ್ಡಿ, ತನ್ನ ತಲೆಯನ್ನರಿದು ಮತ್ತೆ ಪಡೆದು, ಜಿನಬಿಂಬವನ್ನೊಡೆದು ಲಿಂಗವನ್ನು ಸ್ಥಾಪಿಸಿದನೆಂಬ ವೃತ್ತಾಂತವು ಆ ಶಾಸನದಲ್ಲಿದೆ. ಅಲ್ಲಿಯ ಗುಡಿಯಲ್ಲಿ ಅದೇ ವೃತ್ತಾಂತವನ್ನು ಕಡೆದು, ಕೆಳಗೆ ಕನ್ನಡದಲ್ಲಿ ವಿವರಣೆಯನ್ನೂ ಕೊಟ್ಟಿದ್ದಾರೆ. ಚಿತ್ರವುಂಟು, ಹೆಸರುಂಟು, ಸ್ಥಳವುಂಟು. ಆದರೆ ಸೋತವರ ಕಡೆಯ ಮಾತು ಆ ಗೋಡೆಯಲ್ಲಿಲ್ಲ. ರಾಮಯ್ಯನ ಭಕ್ತಿಯ ತೀವ್ರತೆಗೆ ಕೈಮುಗಿಯುವವನೂ, ಬಿಂಬವನ್ನು ಕಳೆದುಕೊಂಡವರ ಅಳಲನ್ನು ಊಹಿಸಬಲ್ಲವನಾಗಿರಬೇಕು. ಗೆದ್ದವರು ಬರೆಯಿಸಿದ ಚಿತ್ರವನ್ನು ನೋಡುವಾಗ ಅಲ್ಲಿ ಕಾಣದವರು ಯಾರೆಂದು ಕೇಳಿಕೊಳ್ಳುವುದೂ ಋಣದ ಒಂದು ಭಾಗ. ಸನ್ನತಿಯ ಕಲ್ಲಿನ ಉಪದೇಶವನ್ನು ಅಬ್ಬಲೂರಿನ ಕಲ್ಲಿನ ಮುಂದೆ ನಿಂತು ನೆನೆದಾಗ, ಎರಡು ಕಲ್ಲುಗಳೂ ಒಂದನ್ನೊಂದು ಮಾತನಾಡಿಸುತ್ತವೆ. ಬಗೆಬಗೆಯಾಗಿ ನೋಡಿದವನಿಗೆ ದೊರೆಯತಕ್ಕ ಲಾಭವು ಇದು.

ಈ ಋಣವು ಹಿಂದಿನವರಿಗಿರಲಿಲ್ಲವೇ, ನಮಗೇ ಏಕೆ ಎಂದು ಕೆಲವರು ಕೇಳಬಹುದು. ಹಿಂದಿನವರು ಅದನ್ನು ಕಾಲಿನಿಂದ ತೀರಿಸುತ್ತಿದ್ದರು. ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಮಹಾರಾಷ್ಟ್ರದಿಂದ ಬರುವ ಯಾತ್ರಿಕನು ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದು, ಸಾಲಿನಲ್ಲಿ ನಿಂತು, ಪಾದುಕೆಗಳ ದರ್ಶನವನ್ನು ಕಿರಿದಾದ ಕಿಂಡಿಯಿಂದ ಒಂದು ಕ್ಷಣ ಮಾತ್ರ ಪಡೆಯುತ್ತಾನೆ. ಆ ಕ್ಷಣವು ಅವನ ಬಾಳಿನಲ್ಲಿ ಉಳಿಯುತ್ತದೆ. ಏಕೆಂದರೆ ಅದರ ಹಿಂದೆ ದಾರಿಯ ಶ್ರಮವಿದೆ, ಜೊತೆಗಾರರ ಮಾತಿದೆ, ಆ ಸ್ಥಳದ ಕಥೆಯಿದೆ. ಛಾಯಾಚಿತ್ರವು ನಡೆಯುವ ಶ್ರಮವನ್ನು ತಪ್ಪಿಸಿತು. ಇದು ದೊಡ್ಡ ಉಪಕಾರ. ಹಾಸಿಗೆ ಹಿಡಿದ ಮುದುಕಿಯೂ ಇಂದು ಅಜಂತೆಯನ್ನು ನೋಡಬಲ್ಲಳು. ಆದರೆ ನಡೆಯುವ ಶ್ರಮ ತಪ್ಪಿದಲ್ಲಿ ವಿಚಾರಿಸುವ ಶ್ರಮವನ್ನು ವಹಿಸಿಕೊಳ್ಳಬೇಕು. ಇಲ್ಲದಿದ್ದರೆ ದೂರವಷ್ಟೇ ಅಳಿಯಿತು, ಸಮೀಪವು ಉಂಟಾಗಲಿಲ್ಲ.

ಛಾಯಾಚಿತ್ರದ ವಿಷಯದಲ್ಲಿ ಋಣವು ಇನ್ನಷ್ಟು ಭಾರವಾದುದು. ಏಕೆಂದರೆ ಇಲ್ಲಿ ನೋಡಲ್ಪಡುತ್ತಿರುವವನು ಕಲ್ಲಿನ ರಾಜನಲ್ಲ, ಉಸಿರಾಡಿದ ಮನುಷ್ಯನು. ನಮ್ಮ ಸೀಮೆಯು 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಿತಷ್ಟೆ. ಆ ಸಂಸ್ಥಾನದ ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು ಲಾಲಾ ದೀನ್ ದಯಾಳರನ್ನು ಆಸ್ಥಾನದ ಛಾಯಾಚಿತ್ರಕಾರರನ್ನಾಗಿ ನೇಮಿಸಿಕೊಂಡರು. ಅಮೀರರ ಶೇರವಾನಿ, ದಸ್ತಾರು, ಮುತ್ತಿನ ಸರಗಳನ್ನು ಇಂದು ನಾವು ಕಣ್ತುಂಬ ನೋಡುವುದು ಅವರ ಕೃಪೆಯಿಂದ. ಪರದೆಯಲ್ಲಿರುವ ಸ್ತ್ರೀಯರಿಗಾಗಿ ಅವರು 1892ರಲ್ಲಿ ಸ್ತ್ರೀಯರಿಂದಲೇ ನಡೆಯುವ ಪ್ರತ್ಯೇಕ ಚಿತ್ರಶಾಲೆಯನ್ನು ತೆರೆದರೆಂಬುದು ಸ್ಮರಣೀಯ. ತನ್ನ ಚಿತ್ರವನ್ನು ಯಾರು ತೆಗೆಯಬೇಕು, ಯಾರು ನೋಡಬೇಕು ಎಂಬುದರಲ್ಲಿ ಚಿತ್ರದೊಳಗಿನವಳಿಗೂ ಒಂದು ಮಾತುಂಟೆಂಬ ತತ್ತ್ವವನ್ನು ಆ ಚಿತ್ರಶಾಲೆಯಲ್ಲಿ ಕಾಣಬಹುದು.

ಇದಕ್ಕೆ ವಿರುದ್ಧವಾದ ಚಿತ್ರಗಳೂ ಉಂಟು. 1876ರಿಂದ 1878ರವರೆಗೆ ದಕ್ಷಿಣದೇಶವನ್ನು ಸುಟ್ಟ ಮಹಾಕ್ಷಾಮದಲ್ಲಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಬಹಳವಾಗಿ ನೊಂದಿತು. ಆ ಕಾಲದಲ್ಲಿ ಹೂಪರ್ ಎಂಬ ಸೇನಾಧಿಕಾರಿಯು ಮದರಾಸು ಪ್ರಾಂತದ ಕ್ಷಾಮಪೀಡಿತರನ್ನು ಗುಂಪುಗುಂಪಾಗಿ ಕೂರಿಸಿ ತೆಗೆದ ಛಾಯಾಚಿತ್ರಗಳು ಇಂದಿಗೂ ಪ್ರಸಿದ್ಧವಾಗಿವೆ. ಆ ಎಲುಬುಗೂಡುಗಳನ್ನು ಯಾರೂ ಒಪ್ಪಿಗೆ ಕೇಳಿದಂತೆ ಕಾಣುವುದಿಲ್ಲ. ಅವರ ಹೆಸರುಗಳೂ ನಮಗೆ ಉಳಿದಿಲ್ಲ. ಅಮೀರನ ಮುತ್ತಿನ ಸರವೂ ಈ ಮಗುವಿನ ಪಕ್ಕೆಲುಬುಗಳೂ ಒಂದೇ ಅರ್ಧ ಗಂಟೆಯ ವಿನೋದದಲ್ಲಿ ಒಂದರ ಬೆನ್ನಿಗೊಂದು ಬಂದಾಗ, ಎರಡನ್ನೂ ಒಂದೇ ಬಗೆಯ ಕಣ್ಣಿನಿಂದ ನೋಡುವುದು ದ್ರೋಹವೇ ಸರಿ. ಆ ಚಿತ್ರವನ್ನು ನೋಡಬಾರದೆಂದು ನಾನು ಹೇಳುವುದಿಲ್ಲ. ನೋಡದೆ ಮರೆಯುವುದು ಇನ್ನೂ ದೊಡ್ಡ ದ್ರೋಹ. ಆದರೆ ಅದರ ಮುಂದೆ ನಿಲ್ಲಬೇಕು. ‘ಸಾಲಿನಲ್ಲಿ ಇನ್ನೊಂದು’ ಎಂದು ದಾಟಬಾರದು. ಕೆಲವು ಚಿತ್ರಗಳ ತರುವಾಯ ಆ ರಾತ್ರಿ ಬೇರೆ ಚಿತ್ರವನ್ನು ನೋಡದಿರುವುದೇ ಸಲ್ಲಿಸತಕ್ಕ ಗೌರವ.

ಉಡುಗೆಯ ವಿಷಯವನ್ನು ಹಗುರವೆಂದು ಭಾವಿಸುವವರುಂಟು. ಅದೂ ಸರಿಯಲ್ಲ. ನಮ್ಮ ಮನೆಗಳಲ್ಲಿ ಅಜ್ಜಿಯರು ಉಡುತ್ತ ಬಂದ ಇಳಕಲ್ಲ ಸೀರೆಯನ್ನೇ ತೆಗೆದುಕೊಳ್ಳೋಣ. ಅದರ ಒಡಲೇ ಬೇರೆ, ಕೆಂಪು ರೇಶಿಮೆಯ ಸೆರಗೇ ಬೇರೆ. ಒಡಲಿನ ಹಾಸೆಳೆಗಳನ್ನೂ ಸೆರಗಿನ ಹಾಸೆಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಯ್ಗೆ. ಆದಕಾರಣ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿ ಸಿದ್ಧಪಡಿಸಬೇಕಾಗುತ್ತದೆ. ಇದನ್ನರಿಯದವಳು ಚಿತ್ರದಲ್ಲಿ ಸೆರಗಿನ ಬಣ್ಣವನ್ನು ಮೆಚ್ಚಿ, ಯಂತ್ರವು ಅಚ್ಚೊತ್ತಿದ ಅದರ ನಕಲನ್ನು ಅಗ್ಗಕ್ಕೆ ಕೊಂಡು ತೃಪ್ತಳಾಗಬಹುದು. ಅರಿತವಳಿಗೆ ಆ ಕೂಡಿಕೆಯ ಗೆರೆಯಲ್ಲಿ ನೇಕಾರನ ಮನೆಯವರ ಬೆರಳುಗಳು ಕಾಣುತ್ತವೆ. ಚೆಲುವಿನ ಹಿಂದಿರುವ ದುಡಿಮೆಯನ್ನು ಕಾಣುವುದು, ಶಕ್ತಿಯಿದ್ದಾಗ ಅದಕ್ಕೆ ನ್ಯಾಯವಾದ ಬೆಲೆಯನ್ನು ಕೊಡುವುದು, ಇದು ಉಡುಗೆಯನ್ನು ನೋಡಿದ ಕಣ್ಣಿನ ಋಣ.

ಈ ಎಲ್ಲವನ್ನೂ ನಮ್ಮ ಸೀಮೆಯ ಗೃಹಿಣಿಯರು ಬಲ್ಲ ಒಂದು ವಸ್ತುವಿನಿಂದ ಸ್ಪಷ್ಟಪಡಿಸಬಹುದು. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳು ಗಂಟಿನಲ್ಲಿದ್ದರೆ ಅದು ಚಿಂದಿ. ಅವನ್ನೇ ಪದರಪದರವಾಗಿ ಹಾಸಿ, ಉದ್ದಕ್ಕೂ ಹೊಲಿಗೆ ಹಾಕಿದರೆ ಅದು ಕೌದಿ. ತುಂಡುಗಳು ಅವೇ, ಬಣ್ಣಗಳ ಬೆರಕೆಯೂ ಅದೇ. ಚಿಂದಿಯ ಗಂಟಿನಲ್ಲಿ ಇಲ್ಲದಿದ್ದುದು ನೂಲು. ನೋಡಿದುದರ ಹೆಸರೇನು, ಎಲ್ಲಿಯದು, ಎಂದಿನದು, ಯಾರ ಶ್ರಮದ್ದು, ಯಾರ ನೋವಿನದು ಎಂದು ವಿಚಾರಿಸುವ ಬುದ್ಧಿಯೇ ಆ ನೂಲು. ಅದಿದ್ದರೆ ಬಾದಾಮಿಯ ವಿಷ್ಣುವೂ ದೂರದೇಶದ ಸೂರ್ಯಕಾಂತಿಯೂ ಒಂದೇ ಹೊದಿಕೆಯಾಗಿ ಮನಸ್ಸನ್ನು ಬೆಚ್ಚಗಿಡುತ್ತವೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ‘ದಿನವೆಲ್ಲ ದುಡಿದು ಬಂದವನು ಅರೆಗಳಿಗೆ ಚೆಲುವನ್ನು ನೋಡಿ ನಲಿಯುವುದಕ್ಕೂ ಪರೀಕ್ಷೆಯನ್ನು ಒಡ್ಡಬೇಕೇ? ಸಂತೋಷವನ್ನು ಪಾಠಶಾಲೆಯನ್ನಾಗಿ ಮಾಡಬೇಕೇ?’ ಈ ಆಕ್ಷೇಪವು ಅಲ್ಲಗಳೆಯತಕ್ಕುದಲ್ಲ. ಸಂತೋಷವು ಮೊದಲು ಬರಲಿ; ಬೆರಗಿಲ್ಲದೆ ವಿಚಾರವೂ ಹುಟ್ಟದು. ನೂರು ಚಿತ್ರಗಳಿಗೆ ನೂರು ಪ್ರಶ್ನೆಗಳನ್ನು ಕೇಳಬೇಕೆಂದು ಯಾರೂ ವಿಧಿಸುವುದಿಲ್ಲ. ದಿನಕ್ಕೊಂದು ಚಿತ್ರದ ಬಳಿ ತುಸು ಹೆಚ್ಚು ಹೊತ್ತು ನಿಂತರೂ ವರ್ಷಕ್ಕೆ ಮುನ್ನೂರ ಅರವತ್ತೈದು ವಸ್ತುಗಳ ಪರಿಚಯವಾಯಿತು. ಉಳಿದುವು ಗಾಳಿಯಂತೆ ಬಂದು ಹೋಗಲಿ. ಋಣವೆಂದರೆ ಹೊರೆಯಲ್ಲ; ಅತಿಥಿಯು ಉಂಡ ಮನೆಯವರ ಹೆಸರನ್ನು ಕೇಳಿಕೊಂಡು ಹೋಗುವಷ್ಟು ಸೌಜನ್ಯ ಮಾತ್ರ.

ಕೊನೆಯದಾಗಿ, ಈ ಋಣವನ್ನು ತೀರಿಸುವ ಕೆಲಸವು ದೂರದ ಚಿತ್ರಶಾಲೆಗಳಲ್ಲಿ ಆರಂಭವಾಗಬೇಕಾದುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಹಳ್ಳಿಗಳಲ್ಲಿ ಅಗಸೆಯ ಬಳಿ ಒರಗಿಸಿಟ್ಟ ವೀರಗಲ್ಲುಗಳೂ, ಕಟ್ಟೆಗಳ ಮೇಲೆ ಕೂರಿಸಿದ ಭಗ್ನಶಿಲ್ಪಗಳೂ ಇರುವುವು. ಅವುಗಳ ಚಿತ್ರವನ್ನು ತೆಗೆದು ಹಂಚುವ ಉತ್ಸಾಹಿ ತರುಣರು ಊರಿನ ಹೆಸರನ್ನೂ ಕಲ್ಲು ಇರುವ ಸ್ಥಳವನ್ನೂ ಅದರೊಡನೆಯೇ ಬರೆದಿಡಲಿ. ನಾಳೆ ಕಲ್ಲು ಕಾಣೆಯಾದರೆ ಆ ಎರಡು ಮಾತುಗಳೇ ಸಾಕ್ಷಿಯಾಗಬಹುದು. ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿಯೂ ಅಂಚು ಹಳದಿಗಟ್ಟಿದ ಛಾಯಾಚಿತ್ರಗಳಿವೆ. ರುಮಾಲು ಸುತ್ತಿದ ಮುತ್ತಜ್ಜನೂ, ಖಣದ ಕುಪ್ಪಸ ತೊಟ್ಟು ಕುರ್ಚಿಯ ಅಂಚಿನಲ್ಲಿ ಅಂಜಿ ಕುಳಿತ ಮದುಮಗಳೂ ಅಲ್ಲಿದ್ದಾರೆ. ಅವರು ಯಾರೆಂಬುದನ್ನು ಬಲ್ಲವರು ಮನೆಯಲ್ಲಿ ಒಬ್ಬಿಬ್ಬರು ಮಾತ್ರ ಉಳಿದಿರುತ್ತಾರೆ. ಅವರ ಬಳಿ ಕುಳಿತು, ಒಂದೊಂದು ಚಿತ್ರದ ಬೆನ್ನ ಮೇಲೂ ಹೆಸರು, ಊರು, ವರ್ಷಗಳನ್ನು ಸೀಸದ ಕಡ್ಡಿಯಿಂದ ಮೆಲ್ಲಗೆ ಬರೆದಿಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ವಾಚಕರು ಈ ತಿಂಗಳಲ್ಲಿ ಆ ಒಂದು ಮಧ್ಯಾಹ್ನವನ್ನು ಅದಕ್ಕಾಗಿ ಎತ್ತಿಡಬೇಕೆಂದು ನನ್ನ ಪ್ರಾರ್ಥನೆ.